ಹೊರಟಾಗಿಂದ ತಲುಪೋವರೆಗೂ: ಪ್ರಯಾಣದ ಒಂದೊಂದು ಹಂತಕ್ಕೂ ಬೇಕಾಗೋ ಇಂಗ್ಲಿಷ್

ನಮ್ಮ ಮನೆಗಳಲ್ಲಿ ಯಾರಾದ್ರೂ ಊರಿಗೆ ಹೊರಟ್ರೆ ಫೋನ್ ಸುಮ್ಮನಿರಲ್ಲ. ಹೊರಟ್ಯಾ, ಬಸ್ ಸಿಕ್ತಾ, ಸೀಟ್ ಸಿಕ್ತಾ, ಎಲ್ಲಿಗೆ ಬಂದೆ, ಊಟ ಆಯ್ತಾ, ಇನ್ನೆಷ್ಟು ಹೊತ್ತಾಗುತ್ತೆ, ತಲುಪಿದ್ಯಾ. ಇಷ್ಟು ಪ್ರಶ್ನೆಗೆ ಇಂಗ್ಲಿಷಲ್ಲಿ ತಡವರಿಸದೆ ಉತ್ತರ ಹೇಳೋಕೆ ಬಂದುಬಿಟ್ರೆ ಪ್ರಯಾಣದ ಇಂಗ್ಲಿಷ್ ಮುಕ್ಕಾಲು ಭಾಗ ಬಂದ ಹಾಗೇನೇ. ಸ್ಪೋಕನ್ ಇಂಗ್ಲಿಷ್ ಪುಸ್ತಕದಲ್ಲಿ ಏರ್‌ಪೋರ್ಟಲ್ಲಿ ಇದು ಹೇಳಿ, ರೈಲ್ವೇ ಸ್ಟೇಷನ್ನಲ್ಲಿ ಅದು ಹೇಳಿ ಅಂತ ಉದ್ದ ಪಟ್ಟಿ ಕೊಟ್ಟಿರ್ತಾರೆ, ಬಾಯಿಪಾಠ ಮಾಡಿದ್ರೂ ಬೇಕಾದ ಹೊತ್ತಿಗೆ ಒಂದೂ ನೆನಪಾಗಲ್ಲ. ನನ್ನ ಪ್ರಕಾರ ಇದನ್ನ ಕಲಿಯೋಕೆ ಸರಿಯಾದ ದಾರಿ ಒಂದೇ, ಪ್ರಯಾಣ ಹೇಗೆ ಸಾಗುತ್ತೋ ಅದೇ ಕ್ರಮದಲ್ಲಿ ಕಲೀಬೇಕು, ಈಗ ನಾನು ಯಾವ ಹಂತದಲ್ಲಿದೀನಿ, ಈ ಹಂತಕ್ಕೆ ಯಾವ ಮಾತು ಅಂತ.

ಹೊಸದಾಗಿ ಹೊರಗಿನ ಟೀಮ್ ಜೊತೆ ಕೆಲಸಕ್ಕೆ ಸೇರಿದೋರಿಗೆ, ಓದೋಕೆ ಅಂತ ಹೊರದೇಶಕ್ಕೆ ಹೊರಟ ಮಕ್ಕಳಿಗೆ, ಅದಕ್ಕಿಂತ ಹೆಚ್ಚಾಗಿ ಮಗಳ ಬಾಣಂತನಕ್ಕೋ ಮೊಮ್ಮಗನ್ನ ನೋಡೋಕೋ ಮೊದಲ ಸಲ ಫ್ಲೈಟ್ ಹತ್ತೋ ಅಪ್ಪ ಅಮ್ಮಂದಿರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೀತಿದೀನಿ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾವಿಲ್ಲಿ ಮಾತಾಡೋ ಇಂಗ್ಲಿಷ್ ತಪ್ಪು ಅಂತ ಯಾರೂ ನಾಚಿಕೆ ಪಡಬೇಕಿಲ್ಲ. 'ಐ ವಿಲ್ ಗೆಟ್ ಡೌನ್ ಅಟ್ ಮೆಜೆಸ್ಟಿಕ್' ಅಂದ್ರೆ ಬೆಂಗಳೂರಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ, ಕೆಲಸ ನಡೆಯುತ್ತೆ. ಆದ್ರೆ ಲಂಡನ್ನಲ್ಲೋ ಚಿಕಾಗೋದಲ್ಲೋ ಬಸ್ಸಲ್ಲಿ ಜೋರಾಗಿ 'ಗೆಟ್ ಡೌನ್' ಅಂದ್ರೆ ಬಗ್ಗಿ, ಕೆಳಗೆ ಕೂತ್ಕೊಳ್ಳಿ ಅನ್ನೋ ಅರ್ಥ ಅಲ್ಲಿಯವರಿಗೆ ಮೊದಲು ಹೊಳೆಯುತ್ತೆ. ಅಲ್ಲಿ ಅದು 'ಗೆಟ್ ಆಫ್'. ಹಾಗಾಗಿ ಎರಡೂ ಗೊತ್ತಿರಲಿ, ಊರು ನೋಡ್ಕೊಂಡು ಬಳಸಿ.

ಹೊರಡೋವಾಗ

ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು ಅಂತ ನಮಗೆ ಚಿಕ್ಕವರಿದ್ದಾಗಿಂದ ಹೇಳಿಕೊಟ್ಟಿರ್ತಾರೆ, ಬರೀ ಬರ್ತೀನಿ ಅಂದ್ರೂ ಸಾಕು. ಅದೇ ಅಭ್ಯಾಸದಲ್ಲಿ ಬಾಗಿಲ ಹತ್ರ ನಿಂತು 'ಓಕೆ, ಐ ವಿಲ್ ಕಮ್' ಅಂದ್ರೆ ಎದುರಿಗಿರೋರು ಎಲ್ಲಿಗೆ ಬರ್ತೀರಿ ಅಂತ ಮುಖ ನೋಡ್ತಾರೆ. ಅಲ್ಲಿ ಹೇಳಬೇಕಾಗಿರೋದು 'ಐ ಶುಡ್ ಗೆಟ್ ಗೋಯಿಂಗ್', ಇಲ್ಲಾ 'ಐ ಆಮ್ ಆಫ್, ಸೀ ಯೂ'. ಸ್ವಲ್ಪ ಸಲಿಗೆ ಇದ್ರೆ 'ಐ ಆಮ್ ಹೆಡಿಂಗ್ ಔಟ್'. ಒಳಗಿಂದ ಯಾರೋ ನಿಮ್ಮನ್ನ ಕೂಗಿದಾಗ, ಬಂದೆ ಬಂದೆ ಅನ್ನೋಕೆ ಮಾತ್ರ 'ಐ ಆಮ್ ಕಮಿಂಗ್'.

ಇನ್ನೊಂದು ಗೊಂದಲ ಹೊರಟೆ ಅನ್ನೋದ್ರಲ್ಲಿದೆ. ಹೊರಟೆ ಅಂತ ನಾವು ಚಪ್ಪಲಿ ಹಾಕ್ಕೊಳ್ತಿರೋವಾಗಲೂ ಹೇಳ್ತೀವಿ, ಗಾಡಿ ಒಂದು ಕಿಲೋಮೀಟರ್ ಹೋದಮೇಲೂ ಹೇಳ್ತೀವಿ, ಕೇಳಿದೋರು ಸಂದರ್ಭ ನೋಡಿ ಅರ್ಥ ಮಾಡ್ಕೊಳ್ತಾರೆ. ಇಂಗ್ಲಿಷಲ್ಲಿ ಇವೆರಡೂ ಬೇರೆ ಬೇರೆ. ಇನ್ನೂ ಮನೇಲಿದ್ದು ಹೊರಡೋ ತಯಾರಿಲಿದ್ರೆ 'ಐ ಆಮ್ ಅಬೌಟ್ ಟು ಲೀವ್'. ಆಗಲೇ ಮನೆ ಬಿಟ್ಟಾಗಿದ್ರೆ 'ಐ ಹ್ಯಾವ್ ಜಸ್ಟ್ ಲೆಫ್ಟ್'. ದಾರೀಲಿದ್ರೆ 'ಐ ಆಮ್ ಆನ್ ಮೈ ವೇ'. ನಾವು ಹೇಳೋ 'ಐ ಸ್ಟಾರ್ಟೆಡ್ ಫ್ರಮ್ ಹೋಮ್' ಇಲ್ಲಿ ನಡೆಯುತ್ತೆ, ಹೊರಗೆ 'ಐ ಲೆಫ್ಟ್ ಹೋಮ್ ಅಟ್ ಸಿಕ್ಸ್' ಅಂದ್ರೆ ಸಾಕು. ದೂರದ ಪ್ರಯಾಣ ಆಗಿದ್ರೆ 'ವಿ ಸೆಟ್ ಆಫ್ ಅರ್ಲಿ' ಅಂತಾರೆ, ಬೆಳಗ್ಗೆ ಬೇಗ ಹೊರಟ್ವಿ ಅಂತ.

ಕಳಿಸಿಕೊಡೋರ ಮಾತೂ ಬೇಕಲ್ಲ. ಬಸ್ ಸ್ಟ್ಯಾಂಡ್ ತನಕ ಬಂದು ಬೀಳ್ಕೊಟ್ರೆ 'ದೇ ಕೇಮ್ ಟು ಸೀ ಮಿ ಆಫ್'. ಗಾಡೀಲಿ ಬಿಟ್ಟುಬಂದ್ರೆ 'ಹಿ ಡ್ರಾಪ್ಡ್ ಮಿ ಆಫ್', ಕರ್ಕೊಂಡು ಬರೋಕೆ ಬಂದ್ರೆ 'ಶಿ ಪಿಕ್ಡ್ ಮಿ ಅಪ್'. ಹ್ಯಾಪಿ ಜರ್ನಿ ಅನ್ನೋದು ನಮ್ಮ ದೇಶದ ಇಂಗ್ಲಿಷ್, ಕೇಳೋಕೆ ಚೆನ್ನಾಗೇ ಇದೆ, ಹೊರಗಡೆಯವರು 'ಹ್ಯಾವ್ ಎ ಸೇಫ್ ಟ್ರಿಪ್' ಅಥವಾ 'ಸೇಫ್ ಟ್ರಾವೆಲ್ಸ್' ಅಂತಾರೆ. ಹುಷಾರಾಗಿ ಹೋಗಿ, ತಲುಪಿದ ಮೇಲೆ ಒಂದು ಫೋನ್ ಮಾಡಿ ಅಂತ ನಮ್ಮಮ್ಮಂದಿರು ಹೇಳೋ ಮಾತಿಗೆ 'ಟೆಕ್ಸ್ಟ್ ಮಿ ವೆನ್ ಯೂ ಗೆಟ್ ದೇರ್' ಅನ್ನೋದು ಸರಿಯಾಗಿ ಕೂರುತ್ತೆ.

ಹತ್ತೋದು, ಇಳಿಯೋದು

ಇಲ್ಲಿ ಒಂದು ಸುಲಭದ ಲೆಕ್ಕ ಇದೆ. ಒಳಗೆ ಎದ್ದು ನಿಂತು ಓಡಾಡೋಕೆ ಆಗೋ ಗಾಡಿ, ಅಂದ್ರೆ ಬಸ್ಸು ರೈಲು ವಿಮಾನ ಹಡಗು, ಇವಕ್ಕೆ 'ಗೆಟ್ ಆನ್', 'ಗೆಟ್ ಆಫ್'. ಬಗ್ಗಿ ಒಳಗೆ ಹೋಗಿ ಕೂತ್ಕೊಳ್ಳೋದೇ ಆಗೋ ಗಾಡಿ, ಕಾರು ಆಟೋ ಟ್ಯಾಕ್ಸಿ, ಇವಕ್ಕೆ 'ಗೆಟ್ ಇನ್', 'ಗೆಟ್ ಔಟ್'. ಬೈಕು ಸೈಕಲ್ಲು ಮೇಲೆ ಕೂರೋದ್ರಿಂದ ಮತ್ತೆ 'ಆನ್', 'ಆಫ್'. ಇಷ್ಟು ತಿಳ್ಕೊಂಡ್ರೆ 'ಐ ಆಮ್ ಇನ್ ದ ಬಸ್' ಅನ್ನೋ ಬದಲು 'ಐ ಆಮ್ ಆನ್ ದ ಬಸ್' ಅಂತ ತಾನಾಗೇ ಬಾಯಿಗೆ ಬರುತ್ತೆ.

ಪ್ರಯಾಣದ ಇಂಗ್ಲಿಷಲ್ಲಿ ದೊಡ್ಡ ದೊಡ್ಡ ಪದಗಳಿಗಿಂತ ಈ ಆನ್, ಆಫ್, ಇನ್, ಔಟ್, ಅಪ್ ಅನ್ನೋ ಪುಟ್ಟ ಪದಗಳೇ ನೀವು ಯಾವ ಹಂತದಲ್ಲಿದೀರಿ ಅಂತ ಹೇಳೋದು, ಗಮನ ಅವುಗಳ ಮೇಲಿರಲಿ. ಒಂದು ಉದಾಹರಣೆ ಕೊಡ್ತೀನಿ, 'ಗೆಟ್ ಇನ್' ಅಂದ್ರೆ ಕಾರೊಳಗೆ ಕೂತ್ಕೊ ಅಂತ ಈಗಷ್ಟೇ ಹೇಳಿದೆ, ಆದ್ರೆ ಯಾರಾದ್ರೂ ಫೋನಲ್ಲಿ 'ವಾಟ್ ಟೈಮ್ ಡು ಯೂ ಗೆಟ್ ಇನ್?' ಅಂತ ಕೇಳಿದ್ರೆ ಅದು ಕೂರೋ ವಿಷಯ ಅಲ್ಲ, ನೀವು ಊರಿಗೆ ಬಂದು ತಲುಪೋದು ಎಷ್ಟು ಗಂಟೆಗೆ ಅಂತ. 'ಮೈ ಟ್ರೇನ್ ಗೆಟ್ಸ್ ಇನ್ ಅಟ್ ಸೆವೆನ್' ಅಂತ ಉತ್ತರ ಕೊಡಬೇಕು.

ದಾರೀಲಿ ಇರೋವಾಗ

ಇದು ನಿಜವಾಗ್ಲೂ ತುಂಬಾ ಮಾತು ಬೇಕಾಗೋ ಹಂತ, ಅದಕ್ಕೆ ನಮಗೆ ಗೊತ್ತಿರೋ ಒಂದು ರಸ್ತೆ ಹಿಡಿಯೋಣ. ಬೆಂಗಳೂರಿಂದ ಹುಬ್ಬಳ್ಳಿಗೆ ಕಾರಲ್ಲಿ ಹೊರಟಿದೀರಿ ಅಂತ ಇಟ್ಕೊಳ್ಳಿ, ಹಿಂದಿನ ಸೀಟಲ್ಲಿ ಅಮೆರಿಕದಿಂದ ಬಂದಿರೋ ತಂಗಿ ಮಗಳಿದಾಳೆ, ಅವಳ ಗಂಡ ಕನ್ನಡ ಬರದೋನು ಹುಬ್ಬಳ್ಳೀಲಿ ಕಾಯ್ತಿದಾನೆ, ಗಂಟೆಗೊಂದು ಸಲ ಫೋನ್ ಮಾಡ್ತಿದಾನೆ.

ಯಶವಂತಪುರ, ಪೀಣ್ಯ ದಾಟೋ ಹೊತ್ತಿಗೆ ಮೊದಲ ಫೋನು. ಗಾಡಿ ಇಂಚಿಂಚೇ ಸಾಗ್ತಿದೆ. 'ವಿ ಆರ್ ಸ್ಟಕ್ ಇನ್ ಟ್ರಾಫಿಕ್, ವಿ ಹ್ಯಾವಂಟ್ ಇವನ್ ಗಾಟ್ ಔಟ್ ಆಫ್ ದ ಸಿಟಿ ಯೆಟ್.' ಇನ್ನೂ ಸಿಟಿ ಬಿಟ್ಟೇ ಇಲ್ಲ ಮಾರಾಯ ಅನ್ನೋದು ಇದೇ. ನೆಲಮಂಗಲ ಟೋಲ್ ಕಳೆದು ರಸ್ತೆ ಖಾಲಿ ಸಿಕ್ತು ಅಂದ್ರೆ 'ವಿ ಆರ್ ಔಟ್ ಆಫ್ ದ ಸಿಟಿ ನೌ'. ಆಮೇಲೆ ತುಮಕೂರು. ನಾವು 'ವಿ ಕ್ರಾಸ್ಡ್ ತುಮಕೂರು' ಅಂತೀವಿ, ಅರ್ಥ ಆಗುತ್ತೆ, ಆದ್ರೆ ಕ್ರಾಸ್ ಅನ್ನೋದನ್ನ ಅವರು ಹೊಳೆ, ಸೇತುವೆ, ಗಡಿ, ರಸ್ತೆ ಇಂಥವಕ್ಕೆ ಇಟ್ಕೊಂಡಿದಾರೆ. ಊರು ದಾಟಿದ್ರೆ 'ವಿ ಹ್ಯಾವ್ ಜಸ್ಟ್ ಪಾಸ್ಡ್ ತುಮಕೂರು'. ಶಿರಾ ಹತ್ರ ಬರೋಷ್ಟರಲ್ಲಿ ಗಾಡಿ ಚೆನ್ನಾಗಿ ಓಡಿ, ಅಂದ್ಕೊಂಡಿದ್ದಕ್ಕಿಂತ ಬೇಗ ಬಂದ್ವಿ ಅನ್ಸಿದ್ರೆ ಅದಕ್ಕೊಂದು ಒಳ್ಳೆ ಮಾತಿದೆ, 'ವಿ ಆರ್ ಮೇಕಿಂಗ್ ಗುಡ್ ಟೈಮ್'. ನನಗಿಷ್ಟವಾದ ಮಾತಿದು, ಸ್ಪೀಡು ಎಷ್ಟು ಅಂತ ಹೇಳದೇನೆ ಪ್ರಯಾಣ ಸಲೀಸಾಗಿ ಸಾಗ್ತಿದೆ ಅಂತ ತಿಳಿಸಿಬಿಡುತ್ತೆ.

ಹಿರಿಯೂರು ಹತ್ರ ತಿಂಡಿಗೆ ನಿಲ್ಲಿಸ್ತೀರಿ. 'ವಿ ಹ್ಯಾವ್ ಸ್ಟಾಪ್ಡ್ ಫಾರ್ ಎ ಬೈಟ್.' ಬರೀ ಕಾಲು ಆಡಿಸೋಕೆ ಇಳಿದಿದ್ರೆ 'ವಿ ಆರ್ ಸ್ಟ್ರೆಚಿಂಗ್ ಅವರ್ ಲೆಗ್ಸ್'. ಡ್ರೈವರಿಗೆ ಸ್ವಲ್ಪ ಸೈಡಿಗೆ ಹಾಕಿ ಅನ್ನೋಕೆ 'ಕುಡ್ ಯೂ ಪುಲ್ ಓವರ್, ಪ್ಲೀಸ್?', ಇದನ್ನ ಕಾರಲ್ಲಿ ವಾಂತಿ ಬರೋ ಅಭ್ಯಾಸ ಇರೋರು ಮೊದಲು ಕಲ್ತಿಟ್ಕೊಳ್ಳಿ. ಟಾಯ್ಲೆಟ್ ಎಲ್ಲಿ ಅಂತ ಕೇಳೋಕೆ ಅಮೆರಿಕದಲ್ಲಿ ರೆಸ್ಟ್‌ರೂಮ್, ಇಂಗ್ಲೆಂಡಲ್ಲಿ ಟಾಯ್ಲೆಟ್ ಅಥವಾ ಲೂ. ಹೈವೇ ಪಕ್ಕ ನಿಲ್ಲೋ ಜಾಗಕ್ಕೆ ಅಮೆರಿಕದಲ್ಲಿ ರೆಸ್ಟ್ ಏರಿಯಾ ಅಂತಾರೆ, ಇಂಗ್ಲೆಂಡಿನ ಮೋಟರ್‌ವೇ ಬೋರ್ಡಲ್ಲಿ ಸರ್ವಿಸಸ್ ಅಂತ ಇರುತ್ತೆ, ನೋಡಿ ಗ್ಯಾರೇಜ್ ಅಂತ ಬಿಟ್ಟು ಮುಂದೆ ಹೋಗ್ಬೇಡಿ, ಊಟ ಕಾಫಿ ಪೆಟ್ರೋಲು ಎಲ್ಲ ಅಲ್ಲೇ.

ಚಿತ್ರದುರ್ಗ ಬಂತು ಅಂದ್ರೆ ಹತ್ತಿರ ಹತ್ತಿರ ಅರ್ಧ ದಾರಿ ಆಯ್ತು. 'ವಿ ಆರ್ ಅಬೌಟ್ ಹಾಫ್‌ವೇ.' ಅವನು ಎಲ್ಲೀವರೆಗೆ ಬಂದ್ರಿ ಅಂತ ಕೇಳೋಕೆ 'ಹೌ ಫಾರ್ ಅಲಾಂಗ್ ಆರ್ ಯೂ?' ಅಂದಿರ್ತಾನೆ. ನಮ್ಮವರು ಇದನ್ನೇ 'ವೇರ್ ಹ್ಯಾವ್ ಯೂ ರೀಚ್ಡ್?' ಅಂತ ಕೇಳ್ತಾರೆ, ಅದು ಪಕ್ಕಾ ನಮ್ಮ ಎಲ್ಲಿಗೆ ಬಂದೆ. ದಾವಣಗೆರೆಲಿ ಬೆಣ್ಣೆದೋಸೆ ತಿನ್ನದೆ ಮುಂದೆ ಹೋಗಲ್ಲ ಅಂತ ಹಿಂದಿನ ಸೀಟಿಂದ ಹಠ ಶುರುವಾಗುತ್ತೆ, ಊರೊಳಗೆ ತಿರುಗಿಸ್ತೀರಿ, ಅದು 'ಡೀಟೂರ್', 'ವಿ ಟುಕ್ ಎ ಲಿಟ್ಲ್ ಡೀಟೂರ್'. ಹಾಗಾಗಿ ಅಂದ್ಕೊಂಡಿದ್ದಕ್ಕಿಂತ ಅರ್ಧ ಗಂಟೆ ಲೇಟು, 'ವಿ ಆರ್ ರನಿಂಗ್ ಹಾಫ್ ಆನ್ ಅವರ್ ಲೇಟ್'. ಹಾವೇರಿ ದಾಟಿದ ಮೇಲೆ 'ವಿ ಆರ್ ಆನ್ ಅವರ್ ಅವೇ' ಅನ್ನಿ, ಇನ್ನೊಂದು ಗಂಟೆ ದಾರಿ ಅಂತ. ಹುಬ್ಬಳ್ಳಿ ಊರು ಕಾಣಿಸ್ತಿದ್ದ ಹಾಗೆ 'ವಿ ಆರ್ ಆಲ್ಮೋಸ್ಟ್ ದೇರ್'. ಮನೆ ಬೀದಿಗೇ ಬಂದುಬಿಟ್ಟಿದ್ರೆ 'ವಿ ಆರ್ ಜಸ್ಟ್ ಅರೌಂಡ್ ದ ಕಾರ್ನರ್'. ಬಾಗಿಲಲ್ಲಿ ನಿಂತು 'ವಿ ಆರ್ ಹಿಯರ್', ಇಲ್ಲಿ ರೀಚ್ಡ್ ಅನ್ನೋ ಪದ ಬೇಕಾಗೇ ಇಲ್ಲ. ಮಳೆ, ಟ್ರಾಫಿಕ್ಕು, ಪಂಕ್ಚರ್ರು ಎಲ್ಲ ದಾಟ್ಕೊಂಡು ಅಂತೂ ಬಂದ್ವಪ್ಪ ಅನ್ನೋ ನಿಟ್ಟುಸಿರಿಗೆ 'ವಿ ಮೇಡ್ ಇಟ್!'

ವೇ ಅನ್ನೋ ಒಂದೇ ಪದದ ಸುತ್ತ ಮೂರು ನಾಲ್ಕು ಮಾತಿದೆ, ಅವು ಕಲಸಿಹೋಗೋದು ಜಾಸ್ತಿ. 'ಆನ್ ದ ವೇ' ದಾರೀಲಿ ಅಂತ, 'ದೇರ್ ಈಸ್ ಎ ಮೆಡಿಕಲ್ ಸ್ಟೋರ್ ಆನ್ ದ ವೇ'. 'ಇನ್ ದ ವೇ' ಅಂದ್ರೆ ದಾರಿಗೆ ಅಡ್ಡ. ಫ್ಲೈಟಲ್ಲಿ ಬ್ಯಾಗ್ ಮೇಲಿಡೋಕೆ ನಿಂತಾಗ ಹಿಂದಿನೋರು ಕಾಯ್ತಿದ್ರೆ 'ಸಾರಿ, ಆಮ್ ಐ ಇನ್ ಯುವರ್ ವೇ?' ಅಂತ ಕೇಳೋದು ಮರ್ಯಾದೆ. 'ಔಟ್ ಆಫ್ ದ ವೇ' ಅಂದ್ರೆ ನಿಮ್ಮ ದಾರಿಗೆ ಸುತ್ತು ಬಳಸು, ಯಾರಾದ್ರೂ ಮನೆ ತನಕ ಬಿಡ್ತೀನಿ ಅಂದಾಗ 'ಓನ್ಲಿ ಇಫ್ ಇಟ್ಸ್ ನಾಟ್ ಔಟ್ ಆಫ್ ಯುವರ್ ವೇ' ಅಂದ್ರೆ ನಿಮಗೆ ಸುತ್ತಾಗಲ್ಲ ಅಂದ್ರೆ ಮಾತ್ರ ಅಂತ, ಎಷ್ಟು ಸೌಜನ್ಯದ ಮಾತು ನೋಡಿ.

ರೈಲಲ್ಲಿ

ನಮ್ಮ ರೈಲಿನ ಇಂಗ್ಲಿಷೇ ಬೇರೆ ಒಂದು ಲೋಕ. ಗಾಡಿ ಸ್ಟೇಷನ್ ಹೊರಗೆ ನಿಂತುಬಿಟ್ರೆ ಔಟರಲ್ಲಿ ಹಾಕಿದಾರೆ ಅಂತೀವಿ, ಸಿಂಗಲ್ ಲೈನಲ್ಲಿ ಎದುರು ಗಾಡಿಗೆ ದಾರಿ ಬಿಡೋಕೆ ನಿಂತ್ರೆ ಕ್ರಾಸಿಂಗ್ ಅಂತೀವಿ, ಸಕಲೇಶಪುರ ಸುಬ್ರಹ್ಮಣ್ಯ ಘಾಟಿಯಲ್ಲಿ ಎಡಕುಮೇರಿಯಂಥ ಕಡೆ ಗಾಡಿ ನಿಂತು ಸುತ್ತ ಬರೀ ಕಾಡು ಕಾಣ್ತಿದ್ರೂ ಕ್ರಾಸಿಂಗ್ ಇರಬೇಕು ಅಂತ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ 'ವಿ ಆರ್ ಅಟ್ ಔಟರ್' ಅಂತ ಹೊರಗಿನೋರಿಗೆ ಹೇಳಿದ್ರೆ ಏನೂ ಗೊತ್ತಾಗಲ್ಲ. 'ವಿ ಆರ್ ಬೀಯಿಂಗ್ ಹೆಲ್ಡ್ ಔಟ್‌ಸೈಡ್ ದ ಸ್ಟೇಷನ್' ಅನ್ನಿ, ಕ್ರಾಸಿಂಗಿಗೆ 'ವಿ ಆರ್ ವೇಟಿಂಗ್ ಫಾರ್ ಅನದರ್ ಟ್ರೇನ್ ಟು ಪಾಸ್' ಅನ್ನಿ. ಗಾಡಿ ಪ್ಲಾಟ್‌ಫಾರ್ಮಿಗೆ ಬರ್ತಿರೋವಾಗ 'ದ ಟ್ರೇನ್ ಈಸ್ ಪುಲಿಂಗ್ ಇನ್', ಹೊರಡ್ತಿರೋವಾಗ 'ಪುಲಿಂಗ್ ಔಟ್'. ಕಣ್ಮುಂದೇನೇ ತಪ್ಪಿಹೋದ್ರೆ 'ಐ ಜಸ್ಟ್ ಮಿಸ್ಡ್ ಇಟ್'. ಓಡಿಬಂದು ಕೊನೇ ಗಳಿಗೇಲಿ ಹತ್ತಿದ್ರೆ 'ಐ ಮೇಡ್ ಇಟ್ ಜಸ್ಟ್ ಇನ್ ಟೈಮ್'. 'ಆನ್ ಟೈಮ್' ಅಂದ್ರೆ ವೇಳಾಪಟ್ಟಿ ಪ್ರಕಾರ ಸರಿಯಾಗಿ, 'ಇನ್ ಟೈಮ್' ಅಂದ್ರೆ ತಪ್ಪಿಹೋಗೋಕೆ ಮುಂಚೆ, ಇಷ್ಟೇ ವ್ಯತ್ಯಾಸ.

ಇಂಗ್ಲೆಂಡಿಗೆ ಹೋಗೋರಿಗೆ ಅಲ್ಲಿಯ ಸ್ಟೇಷನ್ ಅನೌನ್ಸ್‌ಮೆಂಟು ಮೊದಲ ದಿನ ಗಾಬರಿ ಮಾಡುತ್ತೆ. 'ಕಾಲಿಂಗ್ ಅಟ್' ಅಂತ ಶುರುಮಾಡಿ ಒಂದಷ್ಟು ಊರ ಹೆಸರು ಹೇಳ್ತಾರೆ, ಯಾರನ್ನೋ ಕರೀತಿರೋದಲ್ಲ, ಈ ಗಾಡಿ ಈ ಈ ಕಡೆ ನಿಲ್ಲುತ್ತೆ ಅಂತ. 'ಚೇಂಜ್ ಹಿಯರ್ ಫಾರ್' ಅಂದ್ರೆ ಇಂಥ ಕಡೆ ಹೋಗೋರು ಇಲ್ಲಿ ಗಾಡಿ ಬದಲಾಯಿಸಿ. 'ದಿಸ್ ಟ್ರೇನ್ ಟರ್ಮಿನೇಟ್ಸ್ ಹಿಯರ್, ಆಲ್ ಚೇಂಜ್ ಪ್ಲೀಸ್' ಅಂತ ಕೇಳಿಸ್ತು ಅಂದ್ರೆ ಗಾಡಿ ಇಲ್ಲಿಗೆ ಮುಗೀತು, ಎಲ್ಲರೂ ಇಳೀಬೇಕು, ಕೂತೇ ಇರಬೇಡಿ. 'ಅಲೈಟ್' ಅನ್ನೋದು ಇಳಿಯೋದಕ್ಕೆ ಬೋರ್ಡಲ್ಲಿ, ಅನೌನ್ಸ್‌ಮೆಂಟಲ್ಲಿ ಬರೋ ಪದ, ದಿನದ ಮಾತಲ್ಲಿ ಹೆಚ್ಚಾಗಿ ಹೇಳಲ್ಲ. ಟಿಕೆಟ್ ತಗೊಳ್ಳೋವಾಗ 'ಸಿಂಗಲ್ ಆರ್ ರಿಟರ್ನ್?' ಅಂತ ಕೇಳ್ತಾರೆ, ಅಮೆರಿಕದಲ್ಲಿ ಅದೇ 'ಒನ್ ವೇ ಆರ್ ರೌಂಡ್ ಟ್ರಿಪ್?'. ನಮ್ಮೂರ ಕಡೆ ಬಸ್ ಸ್ಟಾಪಲ್ಲಿ ಕೋರಿಕೆ ನಿಲುಗಡೆ ಅಂತ ಬೋರ್ಡ್ ನೋಡಿರ್ತೀರಲ್ಲ, ಬ್ರಿಟನ್ನಲ್ಲಿ ಅದು 'ರಿಕ್ವೆಸ್ಟ್ ಸ್ಟಾಪ್', ವೇಲ್ಸಿನ ಹಾರ್ಟ್ ಆಫ್ ವೇಲ್ಸ್ ಲೈನಲ್ಲಿ ಎಷ್ಟೋ ರೈಲ್ವೇ ಸ್ಟೇಷನ್ನುಗಳೇ ಹಾಗಿವೆ, ಹತ್ತೋರು ಪ್ಲಾಟ್‌ಫಾರ್ಮಲ್ಲಿ ನಿಂತು ಕೈ ತೋರಿಸ್ಬೇಕು, ಇಳಿಯೋರು ಮೊದಲೇ ಗಾರ್ಡಿಗೆ ಹೇಳಿರಬೇಕು.

'ಮೈಂಡ್ ದ ಗ್ಯಾಪ್' ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಲಂಡನ್ ಅಂಡರ್‌ಗ್ರೌಂಡಲ್ಲಿ, ಅಂದ್ರೆ ಅಲ್ಲಿಯ ಮೆಟ್ರೋದಲ್ಲಿ, ಕೆಲವು ಪ್ಲಾಟ್‌ಫಾರ್ಮ್ ಬಾಗಿವೆ, ಬೋಗಿ ನೇರ ಇರುತ್ತೆ, ಹಾಗಾಗಿ ಮಧ್ಯ ಸಂದು ಬೀಳುತ್ತೆ, ಕಾಲು ಜೋಪಾನ ಅಂತ 1968ರಿಂದ ಈ ಮಾತನ್ನ ರೆಕಾರ್ಡ್ ಮಾಡಿ ಹಾಕ್ತಾ ಬಂದಿದಾರೆ. ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಲ್ಲಿ ನಾರ್ದರ್ನ್ ಲೈನಿನ ಒಂದು ಪ್ಲಾಟ್‌ಫಾರ್ಮಲ್ಲಿ ಆಸ್ವಾಲ್ಡ್ ಲಾರೆನ್ಸ್ ಅನ್ನೋ ನಟರ ಧ್ವನಿ ಬರ್ತಿತ್ತು, ಅವರು ತೀರಿಹೋದ ಮೇಲೂ ಹೆಂಡತಿ ಮಾರ್ಗರೆಟ್ ಮೆಕಾಲಮ್ ಆ ಧ್ವನಿ ಕೇಳೋಕೆ ಅಂತಾನೇ ಅಲ್ಲಿ ಹೋಗಿ ಕೂರ್ತಿದ್ರು, ಹೊಸ ವ್ಯವಸ್ಥೆ ಬಂದು ಆ ಧ್ವನಿ ನಿಂತುಹೋದಾಗ ಅವರು ಕೇಳ್ಕೊಂಡ್ರು, 2013ರಲ್ಲಿ ಅದನ್ನ ಅದೇ ಪ್ಲಾಟ್‌ಫಾರ್ಮಿಗೆ ವಾಪಸ್ ತಂದ್ರು. ಮೂರೇ ಪದದ ಎಚ್ಚರಿಕೆ, ಒಬ್ಬರಿಗೆ ಅದೇ ಗಂಡನ ನೆನಪು. ಲಂಡನ್ನಿಗೆ ಹೋದ್ರೆ ಆ ಪ್ಲಾಟ್‌ಫಾರ್ಮಲ್ಲಿ ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಕಾದು ಕೇಳಿ.

ಏರ್‌ಪೋರ್ಟಲ್ಲಿ

ದೇವನಹಳ್ಳೀಲಿ ಟ್ಯಾಕ್ಸಿ ಇಳಿಯೋ ಜಾಗ 'ಡಿಪಾರ್ಚರ್ಸ್', ಬಂದೋರು ಹೊರಗೆ ಬರೋ ಜಾಗ 'ಅರೈವಲ್ಸ್', ಇಲ್ಲಿಂದ ಶುರು. ಚೆಕ್‌ಇನ್ ಕೌಂಟರಲ್ಲಿ ಲಗೇಜ್ ಕೊಡೋವಾಗ ಒಂದು ಪ್ರಶ್ನೆ ಮರೀದೆ ಕೇಳ್ಬೇಕು, 'ಆರ್ ಮೈ ಬ್ಯಾಗ್ಸ್ ಚೆಕ್ಡ್ ಥ್ರೂ ಟು ದ ಫೈನಲ್ ಡೆಸ್ಟಿನೇಷನ್?' ಕೊನೇ ಊರಿನವರೆಗೂ ಬ್ಯಾಗ್ ತಾನೇ ಹೋಗುತ್ತಾ ಅಂತ. ಅಮೆರಿಕಕ್ಕೆ ಹೋಗೋರು ಇಷ್ಟು ತಿಳ್ಕೊಳ್ಳಿ, ಅಮೆರಿಕದಲ್ಲಿ ಮೊದಲು ಇಳಿಯೋ ಊರಲ್ಲಿ ಸಾಮಾನ್ಯವಾಗಿ ಬ್ಯಾಗ್ ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕಾಗುತ್ತೆ, ಟ್ಯಾಗಲ್ಲಿ ಕೊನೇ ಊರ ಹೆಸರಿದ್ರೂನೂ. ಅದನ್ನ 'ರೀಚೆಕ್' ಅಂತಾರೆ. ಮಂಡಿ ನೋವಿರೋ ಅಮ್ಮಂದಿರು 'ಐ ಹ್ಯಾವ್ ರಿಕ್ವೆಸ್ಟೆಡ್ ವೀಲ್‌ಚೇರ್ ಅಸಿಸ್ಟೆನ್ಸ್' ಅನ್ನೋ ಒಂದು ವಾಕ್ಯ ಚೆನ್ನಾಗಿ ಅಭ್ಯಾಸ ಮಾಡಿ, ಟಿಕೆಟ್ ಮಾಡಿಸೋವಾಗಲೇ ಮಕ್ಕಳು ಇದನ್ನ ಹಾಕ್ಸಿರಬೇಕು, ಅದರಲ್ಲಿ ಸಂಕೋಚ ಏನಿಲ್ಲ.

ಮಧ್ಯದಲ್ಲಿ ವಿಮಾನ ಬದಲಾಯಿಸೋಕೆ ಕಾಯೋ ಹೊತ್ತಿಗೆ 'ಲೇಓವರ್' ಅಂತಾರೆ, ಅಂತಾರಾಷ್ಟ್ರೀಯ ಟಿಕೆಟಲ್ಲಿ 24 ಗಂಟೆ ಮೀರಿದ್ರೆ ಅದು 'ಸ್ಟಾಪ್‌ಓವರ್'. ಮುಂದಿನ ವಿಮಾನ 'ಕನೆಕ್ಟಿಂಗ್ ಫ್ಲೈಟ್'. ಎಲ್ಲ ಏರ್‌ಪೋರ್ಟಲ್ಲೂ ಮೈಕಲ್ಲಿ ಕೂಗಿ ಕರೀತಾರೆ ಅಂತ ನಂಬ್ಕೊಂಡು ಕೂರಬೇಡಿ, ಈಗ ತುಂಬಾ ಏರ್‌ಪೋರ್ಟುಗಳು ಗಲಾಟೆ ಕಮ್ಮಿ ಮಾಡೋಕೆ ಅನೌನ್ಸ್‌ಮೆಂಟನ್ನೇ ಕಮ್ಮಿ ಮಾಡಿವೆ, ಬೋರ್ಡ್ ನೋಡ್ತಾ ಇರಬೇಕು. ಬೋರ್ಡಲ್ಲಿ ಬರೋ ಮಾತುಗಳಿಗೂ ಒಂದು ಕ್ರಮ ಇದೆ. 'ಗೋ ಟು ಗೇಟ್' ಅಂದ್ರೆ ಎದ್ದು ನಡೀರಿ. 'ಬೋರ್ಡಿಂಗ್' ಅಂದ್ರೆ ಹತ್ತಿಸೋಕೆ ಶುರುಮಾಡಿದಾರೆ. 'ಫೈನಲ್ ಕಾಲ್' ಅಂದ್ರೆ ಓಡಿ. 'ಗೇಟ್ ಕ್ಲೋಸ್ಡ್' ಅಂದ್ರೆ ವಿಮಾನ ಕಣ್ಣಿಗೆ ಕಾಣ್ತಾ ಇದ್ರೂ ಒಳಗೆ ಬಿಡಲ್ಲ. ಅನುಮಾನ ಬಂದ್ರೆ ಪಕ್ಕದವರನ್ನೇ ಕೇಳಿ, 'ಹ್ಯಾವ್ ದೇ ಸ್ಟಾರ್ಟೆಡ್ ಬೋರ್ಡಿಂಗ್?', 'ಹ್ಯಾಸ್ ದ ಗೇಟ್ ಚೇಂಜ್ಡ್?' ಗುಂಪು ಗುಂಪಾಗಿ ಕರೆದ್ರೆ ನಿಮ್ಮ ಗ್ರೂಪ್ ನಂಬರ್ ಬೋರ್ಡಿಂಗ್ ಪಾಸಲ್ಲೇ ಇರುತ್ತೆ.

ಮೊದಲ ವಿಮಾನ ಲೇಟಾಗಿ ಎರಡನೇದು ಹೋಗೇಬಿಟ್ರೆ ಅಳು ಬರೋದು ಸಹಜ, ಆದ್ರೆ ಆಗ ಬೇಕಾಗೋದು ಎರಡೇ ವಾಕ್ಯ. 'ಮೈ ಫ್ಲೈಟ್ ವಾಸ್ ಡಿಲೇಯ್ಡ್ ಅಂಡ್ ಐ ಮಿಸ್ಡ್ ಮೈ ಕನೆಕ್ಷನ್. ಕ್ಯಾನ್ ಯೂ ಪುಟ್ ಮಿ ಆನ್ ದ ನೆಕ್ಸ್ಟ್ ಒನ್?' ಇದನ್ನ ಹೇಳಿ ಬೋರ್ಡಿಂಗ್ ಪಾಸ್ ಮುಂದಿಟ್ರೆ ಕೌಂಟರಲ್ಲಿರೋರಿಗೆ ನಿಮ್ಮ ಕಥೆ ಪೂರ್ತಿ ಗೊತ್ತಾಗುತ್ತೆ.

ವಿಮಾನದೊಳಗೆ ಹೇಳೋದೆಲ್ಲ ನಿಮ್ಮಿಂದ ಉತ್ತರ ಬಯಸೋದಲ್ಲ, ಅರ್ಥ ಆದ್ರೆ ಸಾಕು. ರನ್‌ವೇ ಕಡೆ ನಿಧಾನ ಉರುಳೋದು 'ಟ್ಯಾಕ್ಸಿ'. ಏರೋದು 'ಟೇಕ್ ಆಫ್'. ಕುಲುಕಾಡಿದ್ರೆ 'ಟರ್ಬ್ಯುಲೆನ್ಸ್', ಬೆಲ್ಟ್ ಹಾಕ್ಕೊಳ್ಳಿ, ಭಯ ಬೇಡ. 'ವಿ ಹ್ಯಾವ್ ಬಿಗನ್ ಅವರ್ ಡಿಸೆಂಟ್' ಅಂದ್ರೆ ಇಳಿಯೋಕೆ ಶುರುಮಾಡಿದೀವಿ, ಅರ್ಧ ಗಂಟೆ ಹತ್ತತ್ರ ಇದೆ, ಟಾಯ್ಲೆಟ್ಟಿಗೆ ಹೋಗೋದಿದ್ರೆ ಬೆಲ್ಟ್ ಲೈಟ್ ಹತ್ತೋ ಮುಂಚೆ ಹೋಗಿಬನ್ನಿ.

ಇಳಿದ ಮೇಲೆ

ಇಮಿಗ್ರೇಷನ್ ಕೌಂಟರ್ ಅಂದ್ರೆ ಎಲ್ಲರಿಗೂ ಎದೆ ಡವಡವ. ಅಲ್ಲಿ ಕೇಳೋದು ಬಹುತೇಕ ಮೂರು ವಿಷಯ, ಯಾಕೆ ಬಂದ್ರಿ, ಎಷ್ಟು ದಿನ ಇರ್ತೀರಿ, ಎಲ್ಲಿರ್ತೀರಿ. ತೊಂದರೆ ಏನಂದ್ರೆ ಅವರು ಪುಸ್ತಕದಲ್ಲಿರೋ ಹಾಗೆ 'ವಾಟ್ ಈಸ್ ದ ಪರ್ಪಸ್ ಆಫ್ ಯುವರ್ ವಿಸಿಟ್?' ಅಂತಲೇ ಕೇಳ್ತಾರೆ ಅಂತಿಲ್ಲ, ತಲೆ ಎತ್ತದೆ 'ಸೋ, ವಾಟ್ ಬ್ರಿಂಗ್ಸ್ ಯೂ ಹಿಯರ್?' ಅಂತ ಕೇಳಿಬಿಡಬಹುದು. ಬ್ರಿಂಗ್ಸ್ ಅಂದ ತಕ್ಷಣ ಏನು ತಂದಿದೀರಿ ಅಂತ ತಿಳ್ಕೊಂಡು ಉಪ್ಪಿನಕಾಯಿ ಅಂತ ಹೇಳೋಕೆ ಹೋಗ್ಬೇಡಿ, ಯಾಕೆ ಬಂದ್ರಿ ಅಂತಲೇ ಅರ್ಥ. ಉತ್ತರ ಚಿಕ್ಕದಿರಲಿ, ನಿಜ ಇರಲಿ. 'ಐ ಆಮ್ ಹಿಯರ್ ಟು ವಿಸಿಟ್ ಮೈ ಡಾಟರ್.' 'ಫಾರ್ ತ್ರೀ ಮಂತ್ಸ್.' 'ಐ ವಿಲ್ ಬಿ ಸ್ಟೇಯಿಂಗ್ ವಿತ್ ಹರ್.' ಜೊತೆಗೆ ರಿಟರ್ನ್ ಟಿಕೆಟ್ ಮತ್ತು ಮಗಳ ಅಡ್ರೆಸ್ ಕೈಯಲ್ಲೇ ಇರಲಿ. ಅರ್ಥ ಆಗದಿದ್ರೆ ಸುಮ್ಮನೆ ಎಸ್ ಎಸ್ ಅಂತ ತಲೆ ಆಡಿಸ್ಬೇಡಿ, ಅದೊಂದು ಮಾತ್ರ ಖಂಡಿತ ಬೇಡ. 'ಸಾರಿ, ಕುಡ್ ಯೂ ಸೇ ದಟ್ ಅಗೇನ್ ಸ್ಲೋಲಿ?' ಅಂತ ಕೇಳೋದು ನಿಮ್ಮ ಹಕ್ಕು.

ಕಸ್ಟಮ್ಸಲ್ಲಿ 'ಎನಿಥಿಂಗ್ ಟು ಡಿಕ್ಲೇರ್?' ಅಂತಾರೆ. ತಿನ್ನೋ ಸಾಮಾನಿದ್ರೆ ಇದೆ ಅಂತಲೇ ಹೇಳಿ. ಚಟ್ನಿಪುಡಿ ಸಾಂಬಾರ್‌ಪುಡಿಗೆ ಬರೀ ಪೌಡರ್ ಅಂದ್ರೆ ಮುಂದಿನ ಪ್ರಶ್ನೆ ಬಂದೇ ಬರುತ್ತೆ, 'ಸ್ಪೈಸ್ ಮಿಕ್ಸ್ ಫಾರ್ ಕುಕಿಂಗ್' ಅಂದ್ರೆ ಅರ್ಥ ಆಗುತ್ತೆ. ಹಸಿ ಕರಿಬೇವು, ಮಾವಿನಹಣ್ಣು ಇಂಥವನ್ನ ಅಮೆರಿಕಕ್ಕೆ ಬ್ಯಾಗಲ್ಲಿಟ್ಟು ಒಯ್ಯೋಕೆ ಹೋಗಲೇಬೇಡಿ, ಬಿಡಲ್ಲ.

ಬ್ಯಾಗ್ ಬರೋ ಬೆಲ್ಟು 'ಬ್ಯಾಗೇಜ್ ಕ್ಲೇಮ್'. ಎಲ್ಲರ ಬ್ಯಾಗ್ ಬಂದು ನಿಮ್ಮದು ಬರದಿದ್ರೆ ಆ ಹಾಲ್ ಬಿಟ್ಟು ಹೊರಗೆ ಹೋಗೋಕೆ ಮುಂಚೆ ಅಲ್ಲೇ ಏರ್‌ಲೈನ್ ಕೌಂಟರಿಗೆ ಹೋಗಿ 'ಮೈ ಬ್ಯಾಗ್ ಹ್ಯಾಸಂಟ್ ಕಮ್ ಔಟ್' ಅನ್ನಿ, ಟ್ಯಾಗಿನ ಚೀಟಿ ತೋರಿಸಿ, ರೆಫರೆನ್ಸ್ ನಂಬರ್ ಬರೆಸ್ಕೊಳ್ಳಿ. ಹೊರಗೆ ಕಾಯೋ ಮಗಳಿಗೆ ಒಂದು ಮೆಸೇಜು, 'ವಿ ಹ್ಯಾವ್ ಲ್ಯಾಂಡೆಡ್, ವೇಟಿಂಗ್ ಫಾರ್ ಅವರ್ ಬ್ಯಾಗ್ಸ್'. ಆಮೇಲೆ 'ವಿ ಆರ್ ಥ್ರೂ', ಅಂದ್ರೆ ಚೆಕಿಂಗು ಎಲ್ಲ ಮುಗೀತು, ಬರ್ತಿದೀವಿ.

ಆಫೀಸಲ್ಲೂ ಇದೇ ಮಾತುಗಳು

ಪ್ರಾಜೆಕ್ಟ್ ಮೀಟಿಂಗಲ್ಲಿ ಕೂತ್ರೆ ಈ ದಾರಿಯ ಮಾತುಗಳೇ ಬರ್ತಿರ್ತವೆ, ಬೇಗ ಹೇಳಿಬಿಡ್ತೀನಿ. 'ಆನ್ ಟ್ರ್ಯಾಕ್' ಅಂದ್ರೆ ಅಂದ್ಕೊಂಡ ಹಾಗೆ ಸಾಗ್ತಿದೆ. 'ಹಿಟ್ ಎ ರೋಡ್‌ಬ್ಲಾಕ್' ಅಂದ್ರೆ ಅಡ್ಡಿ ಬಂದು ನಿಂತಿದೆ. 'ಹೋಮ್ ಸ್ಟ್ರೆಚ್' ಕೊನೇ ಹಂತ, ಕುದುರೆ ರೇಸಿಂದ ಬಂದಿರೋದು. 'ವಿ ವಿಲ್ ಕ್ರಾಸ್ ದಟ್ ಬ್ರಿಡ್ಜ್ ವೆನ್ ವಿ ಕಮ್ ಟು ಇಟ್' ಅಂದ್ರೆ ಆ ತೊಂದರೆ ಬಂದಾಗ ನೋಡ್ಕೊಳ್ಳೋಣ, ಈಗಲೇ ತಲೆ ಕೆಡಿಸ್ಕೊಳ್ಳೋದು ಬೇಡ. 'ಯೂ ಹ್ಯಾವ್ ಕಮ್ ಎ ಲಾಂಗ್ ವೇ' ಅಂತ ಮ್ಯಾನೇಜರ್ ಹೇಳಿದ್ರೆ ಖುಷಿಪಡಿ, ಎಷ್ಟೊಂದು ಬೆಳೆದಿದೀರಿ ಅಂತ. ಆದ್ರೆ 'ವಿ ಹ್ಯಾವ್ ಎ ಲಾಂಗ್ ವೇ ಟು ಗೋ' ಅಂದ್ರೆ ಇನ್ನೂ ತುಂಬಾ ಕೆಲಸ ಬಾಕಿ ಇದೆ.

ಅಭ್ಯಾಸ ಹೇಗೆ ಮಾಡೋದು

ಬೆಂಗಳೂರಲ್ಲಿರೋರಿಗೆ ನಮ್ಮ ಮೆಟ್ರೋಗಿಂತ ಒಳ್ಳೆ ಕ್ಲಾಸ್ ಇಲ್ಲ, ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆಗೆಯುತ್ತೆ ಅಂತ ಕನ್ನಡದಲ್ಲೂ ಇಂಗ್ಲಿಷಲ್ಲೂ ಹೇಳ್ತಾರೆ, ಕನ್ನಡ ಕೇಳಿದ ತಕ್ಷಣ ಇಂಗ್ಲಿಷ್ ಏನಿರಬಹುದು ಅಂತ ಮನಸ್ಸಲ್ಲೇ ಹೇಳ್ಕೊಂಡು ಆಮೇಲೆ ಹೋಲಿಸಿ ನೋಡಿ. ಬೇರೆ ಊರಿನೋರು ದಿನಾ ಹೋಗೋ ಬಸ್ಸಲ್ಲೇ ಶುರುಮಾಡಬಹುದು, ಮನೆ ಬಿಟ್ಟೆ, ಬಸ್ ಹತ್ತಿದೆ, ಕೆರೆ ದಾಟ್ತು, ಅರ್ಧ ದಾರಿ ಆಯ್ತು, ಇನ್ನೇನ್ ಬಂತು, ಇಳಿದೆ, ಒಂದೊಂದನ್ನೂ ಆ ಆ ಜಾಗ ಬಂದಾಗಲೇ ಇಂಗ್ಲಿಷಲ್ಲಿ ಹೇಳ್ಕೊಳ್ಳಿ. ಸ್ನೇಹಿತರೊಬ್ಬರ ಜೊತೆ ಒಪ್ಪಂದ ಮಾಡ್ಕೊಂಡು ದಾರಿಯ ಫೋನು ಮೆಸೇಜು ಇಂಗ್ಲಿಷಲ್ಲೇ ಮಾಡಿದ್ರೆ ಇನ್ನೂ ಬೇಗ ಬರುತ್ತೆ.

ಅಪ್ಪ ಅಮ್ಮನ್ನ ಕಳಿಸ್ತಿರೋ ಮಕ್ಕಳು ಒಂದು ಕೆಲಸ ಮಾಡಿ. ಹೊರಡೋ ವಾರ ದಿನಾ ಹತ್ತು ನಿಮಿಷ ವಿಡಿಯೋ ಕಾಲಲ್ಲಿ ನೀವೇ ಇಮಿಗ್ರೇಷನ್ ಆಫೀಸರ್ ಆಗಿ ಆ ಮೂರು ಪ್ರಶ್ನೆ ಬೇರೆ ಬೇರೆ ರೀತಿ ಕೇಳಿ, ಒಂದ್ಸಲ ನಿಧಾನ, ಒಂದ್ಸಲ ಗಡಿಬಿಡೀಲಿ. ತಪ್ಪು ಹೇಳಿದ್ರೆ ಬಯ್ಯಬೇಡಿ, ಅವರಿಗೆ ಆಗಲೇ ಸಾಕಷ್ಟು ಅಳುಕಿರುತ್ತೆ. ನಿಮ್ಮ ಮನೆ ಅಡ್ರೆಸ್ಸು ಫೋನ್ ನಂಬರು, ವೀಲ್‌ಚೇರ್ ವಾಕ್ಯ, ಕನೆಕ್ಷನ್ ತಪ್ಪಿದ್ರೆ ಹೇಳೋ ಎರಡು ವಾಕ್ಯ, ಇಷ್ಟನ್ನ ಒಂದು ಹಾಳೇಲಿ ದೊಡ್ಡಕ್ಷರದಲ್ಲಿ ಒಂದು ಕಡೆ ಇಂಗ್ಲಿಷ್ ಲಿಪಿ ಇನ್ನೊಂದು ಕಡೆ ಕನ್ನಡ ಲಿಪಿ ಬರೆದು ಪಾಸ್‌ಪೋರ್ಟ್ ಒಳಗಿಡಿ, ಬಾಯಿಗೆ ಬರದಿದ್ರೆ ಹಾಳೆ ತೋರಿಸಿದ್ರೂ ಕೆಲಸ ಆಗುತ್ತೆ ಅಂತ ಅವರಿಗೆ ಹೇಳಿ.